ಚೀಟಿ ಎತ್ತಿ ಮದ್ದು ಕೊಡುವುದು ಕ್ರೌರ್ಯವೇ?

ಸಾಗರದ ಓದುಗರೊಬ್ಬರು ನೊಂದು ಬರೆದಿದ್ದಾರೆ: “ನ್ಯೂರೋಬ್ಲಾಸ್ಟೊಮಾ ಎಂಬ ಕ್ಯಾನ್ಸರ್ ಇದ್ದ ಮಕ್ಕಳಲ್ಲಿ ಅರ್ಧ ಮಂದಿಗೆ ಮಾತ್ರ ಹೊಸ ಇಮ್ಯುನೊಥೆರಪಿ (ದೇಹದ ರಕ್ಷಣಾ ಶಕ್ತಿಯನ್ನೇ ರೋಗದ ಮೇಲೆ ಬಿಡುವ ಚಿಕಿತ್ಸೆ) ಕೊಟ್ಟು ಪರೀಕ್ಷಿಸಿದರಂತೆ. ಯಾರಿಗೆಂದು ಚೀಟಿ ಎತ್ತಿದ ಹಾಗೆ ಆರಿಸಿದರಂತೆ. ಒಳ್ಳೆಯ ಮದ್ದನ್ನು ಎಲ್ಲರಿಗೂ ಕೊಡಬಾರದೇ?”

ಹೆತ್ತವರ ಕಡೆಯಿಂದ ನೋಡಿದರೆ ನಿಮ್ಮ ಸಂಕಟ ನ್ಯಾಯವೇ. ಆದರೆ ‘ಒಳ್ಳೆಯ ಮದ್ದು’ ಎಂದಲ್ಲೇ ಎಡವಿದಿರಿ. ಅದು ಒಳ್ಳೆಯದೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಈ ಗೆಡ್ಡೆಯ ಕೋಶಗಳ ಮೈಮೇಲೆ ಜಿಡಿ2 ಎಂಬ ಗುರುತಿದೆ. ನೀವು ಹೇಳುವ ಚಿಕಿತ್ಸೆಯ ಮುಖ್ಯ ಮದ್ದಾದ ಡಿನುಟುಕ್ಸಿಮ್ಯಾಬ್ ಎಂಬ ಪ್ರತಿಕಾಯ ಅದಕ್ಕೆ ಅಂಟಿಕೊಂಡು ದೇಹದ ಕಾವಲು ಕೋಶಗಳನ್ನು ಅತ್ತ ಸೆಳೆಯುತ್ತದೆ. ತೊಂದರೆಯೆಂದರೆ, ಅದೇ ಗುರುತು ನೋವಿನ ನರಗಳ ಮೇಲೂ ಇದೆ. ಮದ್ದು ಇಳಿಯತೊಡಗಿದಂತೆ ಮಗು ಹೊಟ್ಟೆ, ಬೆನ್ನು, ಕಾಲು ನೋವೆಂದು ಚೀರುತ್ತದೆ. ಅದಕ್ಕೇ ಮೊದಲು ಕೆಜಿಗೆ 10 ಮಿಲಿಯಂತೆ ಒಂದು ಗಂಟೆ ಸಲೈನ್, ಅಲರ್ಜಿಯ ಮದ್ದು, ನೋವು ತಗ್ಗಿಸಲು ಕೆಜಿಗೆ 50 ಮೈಕ್ರೊಗ್ರಾಂ ಮಾರ್ಫಿನ್. ಬಳಿಕ ಅರ್ಧ ಗಂಟೆ ನಿಧಾನವಾಗಿ, ಮಗು ತಾಳಿಕೊಂಡರೆ ಹೆಚ್ಚೆಂದರೆ ಅದರ ಎರಡರಷ್ಟು ವೇಗದಲ್ಲಿ, ದಿನಕ್ಕೆ 10ರಿಂದ 20 ಗಂಟೆ ಹನಿಸಬೇಕು. ಹೀಗೆ ನಾಲ್ಕು ದಿನ. ಮದ್ದು ಮುಗಿದ ಮೇಲೂ ಎರಡು ಗಂಟೆ ಮಾರ್ಫಿನ್ ನಡೆಯುತ್ತಿರಬೇಕು. ರಕ್ತದೊತ್ತಡ ಕುಸಿದರೆ, ಉಸಿರು ಕಟ್ಟಿದರೆ ತಕ್ಷಣ ನಿಲ್ಲಿಸಬೇಕು. ಫಲ ಉಂಟೋ ಇಲ್ಲವೋ ತಿಳಿಯದೆ ಇಷ್ಟು ನೋವನ್ನು ಎಲ್ಲ ಮಕ್ಕಳಿಗೂ ಹಂಚುವುದನ್ನು ಕರುಣೆ ಎನ್ನುತ್ತೀರಾ?

226 ಮಕ್ಕಳ ಆ ಅಮೆರಿಕನ್ ಪರೀಕ್ಷೆಯ ಫಲಿತಾಂಶ ಪ್ರಕಟವಾದದ್ದು 2010ರಲ್ಲಿ. ಎರಡು ವರ್ಷ ರೋಗ ಮರುಕಳಿಸದೆ ಬದುಕಿದ್ದವರು ಹೊಸ ಚಿಕಿತ್ಸೆಯಲ್ಲಿ ಶೇ. 66, ಹಳೆಯದರಲ್ಲಿ ಶೇ. 46. ಅಂತರ ಖಚಿತವಾದದ್ದೇ ಚೀಟಿ ಎತ್ತುವುದನ್ನು ನಿಲ್ಲಿಸಿಬಿಟ್ಟರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಚಿಕಿತ್ಸೆಯಲ್ಲಿ ಕಾವಲು ಕೋಶಗಳನ್ನು ಹುರಿದುಂಬಿಸುವ ಇಂಟರ್‌ಲ್ಯೂಕಿನ್-2 ಎಂಬ ಪ್ರೋಟೀನ್ ಕೂಡ ಬೆರೆತಿತ್ತು. ಅದರಿಂದ ಬಲ ಹೆಚ್ಚುತ್ತದೆಂದು ನಂಬಿದ್ದರು. ಯುರೋಪಿನಲ್ಲಿ 406 ಮಂದಿಗೆ ಮತ್ತೆ ಚೀಟಿ ಎತ್ತಿ, ಕೆಲವರಿಗೆ ಅದನ್ನು ಸೇರಿಸಿ, ಉಳಿದವರಿಗೆ ಬಿಟ್ಟು ನೋಡಿದರೆ, 2018ರ ವರದಿಯಂತೆ, ಲಾಭವೇನೂ ಕಾಣಲಿಲ್ಲ. ಜ್ವರ, ನೋವು ಮಾತ್ರ ಹೆಚ್ಚಿದವು. ಎಲ್ಲರಿಗೂ ಕೊಟ್ಟುಬಿಡೋಣ ಎಂದಿದ್ದರೆ ಆ ಜ್ವರ ಇಂದಿಗೂ ಮಕ್ಕಳ ಪಾಲಿಗೆ ಇರುತ್ತಿತ್ತು.

ನನಗೆ ಸಿಟ್ಟು ಬರುವುದು ‘ಪವಾಡ’ ಎಂಬ ತಲೆಬರಹ ಕಂಡಾಗ. ರೋಮ್‌ನ ಬಾಂಬಿನೊ ಜೆಸು ಆಸ್ಪತ್ರೆ ಇದೇ ಜಿಡಿ2ಗೆ ಗುರಿಯಿಟ್ಟ ಕಾರ್-ಟಿ ಕೋಶಗಳನ್ನು (ರೋಗಿಯದೇ ಕಾವಲು ಕೋಶಗಳನ್ನು ಪ್ರಯೋಗಾಲಯದಲ್ಲಿ ಮಾರ್ಪಡಿಸಿದವು) 27 ಮಕ್ಕಳಿಗೆ ಕೊಟ್ಟಿತು. 17 ಮಂದಿಯಲ್ಲಿ ರೋಗ ತಗ್ಗಿತು. ದೊಡ್ಡ ಭರವಸೆಯೇ, ಆದರೆ ಹೋಲಿಸಲು ಇನ್ನೊಂದು ಗುಂಪಿರಲಿಲ್ಲ. ಇಂಥದ್ದೊಂದು ಸಂಖ್ಯೆ ಹಿಡಿದು ‘ಇಮ್ಯುನಿಟಿ ಚಿಕಿತ್ಸೆ’ ಮಾರುವವರಿಗೆ ಪರೀಕ್ಷೆಯೂ ಬೇಡ, ಲೆಕ್ಕವೂ ಬೇಡ. ಅವರ ಮೇಲೆ ನಿಮ್ಮಂಥವರ ಪತ್ರ ಒಂದೂ ಬರುವುದಿಲ್ಲ.

ನಿಮ್ಮ ಕಡೆ ಯಾರಿಗಾದರೂ ಮಗುವಿಗೆ ಪ್ರಾಯೋಗಿಕ ಚಿಕಿತ್ಸೆ ಎಂದು ಹಣ ಕೇಳಿದರೆ, ಸಿಟಿಆರ್‌ಐ (ಭಾರತದ ಚಿಕಿತ್ಸಾ ಪರೀಕ್ಷೆಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಲು ಹೇಳಿ. ಸಂಖ್ಯೆ ಸಿಗುವವರೆಗೆ ಅಡಿಕೆ ತೋಟ ಅಡವಿಡದಂತೆ ನೋಡಿಕೊಳ್ಳಿ.