ಫ್ಲೂ ಲಸಿಕೆ ಬೇಡ ಅನ್ನೋದಾದರೂ ಸುಮ್ನೆ ಕೂರಬೇಡಿ

ಸಿಸ್ಟರ್, ಅಮೆರಿಕಕ್ಕೆ ಬಂದು ಇನ್ನೂ ಎರಡು ತಿಂಗಳು, ಆಗಲೇ ಆಸ್ಪತ್ರೆಯಿಂದ ಇಮೇಲ್ ಬಂದಿದೆ, ನವೆಂಬರ್ 15ರೊಳಗೆ ಫ್ಲೂ ಲಸಿಕೆ ಹಾಕಿಸಿಕೊಳ್ಳದಿದ್ದರೆ ಡ್ಯೂಟಿ ಕೊಡಲ್ವಂತೆ, ಇದು ಕಾನೂನಾ, ಹೋದ ವರ್ಷ ಹಾಕಿಸಿದ್ದು ಸಾಕಾಗಲ್ವಾ ಅಂತ ಕೇಳಿದ್ದೀರಿ. ನಾನು ಇಲ್ಲಿ ನರ್ಸ್ ಆಗಿ 14 ವರ್ಷ ಆಯ್ತು. ಆ ಇಮೇಲ್ ನನಗೂ ಪ್ರತಿ ವರ್ಷ ಬರುತ್ತದೆ.

ಇಡೀ ದೇಶಕ್ಕೆ ಒಂದೇ ಕಾನೂನು ಅಂತ ಇಲ್ಲ. ಕೆಲವು ರಾಜ್ಯಗಳಲ್ಲಿ ನಿಯಮ ಇದೆ. ನ್ಯೂಯಾರ್ಕ್ 2013ರಲ್ಲಿ ತಂದ ನಿಯಮದ ಪ್ರಕಾರ, ಲಸಿಕೆ ಹಾಕಿಸಿಕೊಳ್ಳದವರು ಫ್ಲೂ ಹಬ್ಬಿರುವಾಗ ರೋಗಿಗಳ ಹತ್ತಿರ ಮಾಸ್ಕ್ ಹಾಕಬೇಕಿತ್ತು. ಹೆಚ್ಚಿನ ಕಡೆ ಮಾತ್ರ ಇದು ಆಸ್ಪತ್ರೆಯೇ ಮಾಡಿಕೊಂಡ ನಿಯಮ. ಹೀಗೆ ಎಲ್ಲ ಸಿಬ್ಬಂದಿಗೂ ಮೊದಲು ಕಡ್ಡಾಯ ಮಾಡಿದ್ದು ಸಿಯಾಟಲ್‌ನ ವರ್ಜಿನಿಯಾ ಮೇಸನ್ ಆಸ್ಪತ್ರೆ, 2004-05ರ ಸುಮಾರಿಗೆ. ಅಲ್ಲಿನ ನರ್ಸ್‌ಗಳ ಯೂನಿಯನ್, ನಮ್ಮ ಜೊತೆ ಮಾತುಕತೆ ಮಾಡದೆ ಇದನ್ನು ಹೇರುವಂತಿಲ್ಲ ಅಂತ ಹೋರಾಡಿ ಗೆದ್ದಿತು. ಆದ್ದರಿಂದ ನಿಮ್ಮಲ್ಲಿ ಯೂನಿಯನ್ ಇದ್ದರೆ ಮೊದಲು ಅವರನ್ನು ಕೇಳಿ. ಏಜೆನ್ಸಿ ಮೂಲಕ ಬಂದಿದ್ದರೆ ಕಾಂಟ್ರಾಕ್ಟ್ ತೆಗೆದು ಇದರ ಬಗ್ಗೆ ಏನಿದೆ ಅಂತ ಓದಿ.

ನನ್ನ ಮಾತು ಕೇಳುವುದಾದರೆ ಹಾಕಿಸಿಕೊಳ್ಳಿ. ಇಮೇಲ್‌ಗೆ ಹೆದರಿ ಅಲ್ಲ. ಫ್ಲೂ ಬಂದವರು ಜ್ವರ ಕಾಣಿಸುವ ಒಂದು ದಿನ ಮುಂಚಿನಿಂದಲೇ ಅದನ್ನು ಹರಡಬಲ್ಲರು. ಅಂದರೆ ನಾನು ಚೆನ್ನಾಗಿದ್ದೇನೆ ಅಂದುಕೊಂಡೇ ಡ್ಯೂಟಿಗೆ ಬಂದಿರುತ್ತೇನೆ. ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿರುವವರಿಗೆ ನೀರು ಕುಡಿಸುವಾಗ, ತಲೆದಿಂಬು ಸರಿ ಮಾಡುವಾಗ ನಮ್ಮ ಮುಖಕ್ಕೂ ಅವರ ಮುಖಕ್ಕೂ ಒಂದು ಗೇಣು ಅಂತರ ಇರುತ್ತದೆ ಅಷ್ಟೆ. ಅವರಿಗೇ ಲಸಿಕೆ ಕೊಟ್ಟರೂ ಅವರ ದೇಹಕ್ಕೆ ಅದು ಎಷ್ಟೋ ಸಲ ಸರಿಯಾಗಿ ಹಿಡಿಯುವುದಿಲ್ಲ. ಲಸಿಕೆ ಪೂರ್ತಿ ರಕ್ಷಣೆ ಕೊಡುತ್ತದೆ ಅಂತ ನಾನು ಹೇಳಲ್ಲ. ಆ ವರ್ಷದ ವೈರಸ್‌ಗೆ ಚೆನ್ನಾಗಿ ಹೊಂದಿದರೆ, ಡಾಕ್ಟರ ಹತ್ತಿರ ಹೋಗುವಷ್ಟು ಫ್ಲೂ ಬರುವ ಸಂಭವ 40ರಿಂದ 60 ಶೇಕಡಾ ಕಡಿಮೆ ಆಗುತ್ತದೆ, ಕೆಲವು ವರ್ಷ ಅದೂ ಇಲ್ಲ. ಆದರೂ ಆ ಒಂದು ಗೇಣಿನಲ್ಲಿ ಅಷ್ಟಾದರೂ ಇರಲಿ ಅಂತ ನನ್ನ ಆಸೆ.

ಹೋದ ಸಲ ಜ್ವರ ಬಂತು ಅಂದಿದ್ದೀರಿ. ಇಂಜೆಕ್ಷನ್‌ನಲ್ಲಿ ಜೀವಂತ ವೈರಸ್ ಇರಲ್ಲ, ಅದರಿಂದ ಫ್ಲೂ ಬರಲ್ಲ. ಒಂದೆರಡು ದಿನ ತೋಳು ನೋವು, ಮೈ ಬೆಚ್ಚಗಾಗುವುದು ಇದ್ದಿದ್ದೇ. ರಜೆಯ ಹಿಂದಿನ ದಿನ, ಜಾಸ್ತಿ ಬಳಸದ ಕೈಗೆ ಹಾಕಿಸಿಕೊಳ್ಳಿ. ಮೂಗಿಗೆ ಬಿಡುವ ಸ್ಪ್ರೇ ಬೇರೆ, ಅದರಲ್ಲಿ ಶಕ್ತಿ ಕುಂದಿಸಿದ ಜೀವಂತ ವೈರಸ್ ಇರುತ್ತದೆ. ರೋಗಿಗಳ ರೋಗನಿರೋಧಕ ಶಕ್ತಿ ತೀರಾ ಕುಗ್ಗಿರುವ ಬೋನ್ ಮ್ಯಾರೋ (ಅಸ್ಥಿಮಜ್ಜೆ) ವಾರ್ಡಿನಂಥ ಕಡೆ ನಿಮಗೆ ಡ್ಯೂಟಿ ಹಾಕಿದರೆ ಆ ಸ್ಪ್ರೇ ಬೇಡ.

ನಿಜಕ್ಕೂ ಹಾಕಿಸಿಕೊಳ್ಳಲು ಆಗದಿದ್ದರೆ, ಹಿಂದೆ ಈ ಲಸಿಕೆಯಿಂದ ಜೋರು ಅಲರ್ಜಿ ಆಗಿದೆ, ಅಥವಾ ಲಸಿಕೆ ಆದ ಆರು ವಾರದಲ್ಲಿ ಗಿಲನ್ ಬಾರೆ (ನರಗಳಿಗೆ ಬರುವ, ಕೈಕಾಲು ಸೋಲುವ ಕಾಯಿಲೆ) ಬಂದಿತ್ತು ಅಂತಾದರೆ, ಡಾಕ್ಟರ ಸಹಿ ಹಾಕಿಸಿ ಎಕ್ಸೆಂಪ್ಷನ್, ಅಂದರೆ ವಿನಾಯಿತಿ, ಕೇಳಿ. ಧರ್ಮದ ಕಾರಣಕ್ಕೂ ಕೇಳಬಹುದು, ಕೆಲಸದಲ್ಲಿ ಧರ್ಮದ ಹೆಸರಲ್ಲಿ ಭೇದಭಾವ ಮಾಡಬಾರದು ಅನ್ನುವ 1964ರ ನಾಗರಿಕ ಹಕ್ಕುಗಳ ಕಾಯ್ದೆ ಇದೆ. ಆದರೆ ಅರ್ಜಿಯ ಕೊನೆ ದಿನ ಎಷ್ಟೋ ಕಡೆ ಲಸಿಕೆಯ ಕೊನೆ ದಿನಕ್ಕಿಂತ ಮುಂಚೆ ಇರುತ್ತದೆ, ಇವತ್ತೇ ನೋಡಿಕೊಳ್ಳಿ. ಬಾಯಿಮಾತಲ್ಲಿ ಮ್ಯಾನೇಜರ್‌ಗೆ ಹೇಳಿದ್ದು ಲೆಕ್ಕಕ್ಕೆ ಬರಲ್ಲ.

ಲಸಿಕೆ ಹಾಕಿಸಿಕೊಂಡೂ ಡ್ಯೂಟಿ ಕಳೆದುಕೊಂಡವಳು ನಾನು. ಎರಡನೇ ವರ್ಷ ಆಫ್ ದಿನ ಹೊರಗೆ ಫಾರ್ಮಸಿಯಲ್ಲಿ ಹಾಕಿಸಿಕೊಂಡೆ, ಅವರು ಕೊಟ್ಟ ಚೀಟಿಯನ್ನು ಕೋಟಿನ ಜೇಬಿಗೆ ಹಾಕಿ ಮರೆತೆ. ಕೊನೆ ದಿನ ದಾಟಿದ ಮೇಲೆ ಶೆಡ್ಯೂಲ್ ನೋಡಿದರೆ ನನ್ನ ಹೆಸರೇ ಇಲ್ಲ. ಎರಡು ಶಿಫ್ಟ್ ಸಂಬಳ ಹೋಯ್ತು. ಮನೆ ಬಾಡಿಗೆ ಕಟ್ಟುವ ವಾರ ಬೇರೆ, ಅತ್ತುಬಿಟ್ಟೆ. ಆದ್ದರಿಂದ ಹೆಸರು, ತಾರೀಖು, ಲಸಿಕೆಯ ಲಾಟ್ ನಂಬರ್ (ಬ್ಯಾಚ್ ನಂಬರ್) ಮೂರೂ ಕಾಣುವ ಹಾಗೆ ಅಲ್ಲೇ ನಿಂತು ಫೋಟೋ ತೆಗೆದುಕೊಳ್ಳಿ. ಆಸ್ಪತ್ರೆ ಸಿಬ್ಬಂದಿಯ ಆರೋಗ್ಯ ನೋಡಿಕೊಳ್ಳುವ ಎಂಪ್ಲಾಯೀ ಹೆಲ್ತ್ ವಿಭಾಗಕ್ಕೆ ನೀವೇ ಕಳಿಸಿ, ತಲುಪಿತು ಅಂತ ಉತ್ತರ ಬರುವ ತನಕ ಬಿಡಬೇಡಿ. ಆಸ್ಪತ್ರೆಯಲ್ಲೇ ಪುಕ್ಕಟೆ ಹಾಕುತ್ತಿದ್ದರೆ ಅಲ್ಲೇ ಹಾಕಿಸಿಕೊಳ್ಳಿ, ಬ್ಯಾಡ್ಜ್‌ಗೆ ಸ್ಟಿಕ್ಕರ್ ಕೊಟ್ಟರೆ ಅವತ್ತೇ ಅಂಟಿಸಿ.

ಹೋದ ವರ್ಷದ್ದು ನಡೆಯಲ್ಲ. ವೈರಸ್ ಬದಲಾಗುತ್ತಲೇ ಇರುತ್ತದೆ. ಭೂಮಿಯ ಉತ್ತರಾರ್ಧದ ಚಳಿಗಾಲಕ್ಕೆ ಲಸಿಕೆಯಲ್ಲಿ ಯಾವ ತಳಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ಫೆಬ್ರವರಿಯಲ್ಲಿ ಹೇಳುತ್ತದೆ. ಹಾಕಿಸಿಕೊಂಡ ಮೇಲೂ ಮೈಗೆ ಹಿಡಿಯಲು ಸುಮಾರು ಎರಡು ವಾರ ಬೇಕು. 14ನೇ ತಾರೀಖಿನವರೆಗೆ ಕಾಯಬೇಡಿ, ಈ ವಾರವೇ ಹೋಗಿ ಬನ್ನಿ.