ನಿರಪರಾಧಿ ಎಂದು ನಾವೇ ಸಾಬೀತು ಮಾಡಬೇಕೇ?

ಪ್ರಶ್ನೆ: ನನ್ನ ಅಣ್ಣನಿಗೆ ಕೊಲೆ ಪ್ರಕರಣವೊಂದರಲ್ಲಿ ಸೆಷನ್ಸ್ ನ್ಯಾಯಾಲಯ ಕಳೆದ ತಿಂಗಳು ಜೀವಾವಧಿ ಶಿಕ್ಷೆ ವಿಧಿಸಿದೆ. ಕೃತ್ಯವನ್ನು ಕಣ್ಣಾರೆ ಕಂಡವರಿಲ್ಲ. ಹಿಂದಿನ ರಾತ್ರಿ ಎಂಟಕ್ಕೆ ಮೃತರ ಜೊತೆ ಅಣ್ಣನನ್ನು ನೋಡಿದೆನೆಂದು ಒಬ್ಬರು ನುಡಿದಿದ್ದಾರೆ. ಶವ ಸಿಕ್ಕಿದ್ದು ಮರುದಿನ ಮಧ್ಯಾಹ್ನ. ಅಣ್ಣ ತೋರಿಸಿದ ಜಾಗದಲ್ಲಿ ಮಚ್ಚು ಸಿಕ್ಕಿತೆಂದು ಪೊಲೀಸರು ಹೇಳುತ್ತಾರೆ, ಆದರೆ ಅದನ್ನು ವಶಪಡಿಸಿಕೊಂಡಾಗ ಸಾಕ್ಷಿಗಳಾಗಿದ್ದ ಪಂಚರಿಬ್ಬರೂ ಪ್ರತಿಕೂಲ ಸಾಕ್ಷಿಗಳಾದರು. ಹೈಕೋರ್ಟಿನಲ್ಲಿ ಅಣ್ಣ ನಿರಪರಾಧಿಯೆಂದು ನಾವು ಸಾಬೀತು ಮಾಡಬೇಕೇ? ವಕೀಲರಿಗೆ ಕೊಡಲು ಹಣವೂ ಇಲ್ಲ.
– ಹೆಸರು ಬೇಡ

ಉತ್ತರ: ಮೊದಲು ಗಡುವಿನ ಮಾತು. ಮೇಲ್ಮನವಿಗೆ ತೀರ್ಪಿನ ದಿನದಿಂದ 60 ದಿನಗಳ ಕಾಲಾವಕಾಶವಿದೆ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಅದರಲ್ಲಿ ಎಣಿಸುವುದಿಲ್ಲ. ತಡವಾದರೆ ಕಾರಣ ತೋರಿಸಿ ವಿಳಂಬ ಮನ್ನಿಸುವಂತೆ ಕೋರಬಹುದಾದರೂ ಅದನ್ನು ನೆಚ್ಚಿಕೊಂಡು ಕೂರಬೇಡಿ.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ, ಇಲ್ಲ. ಕೆಳ ನ್ಯಾಯಾಲಯ ಅಪರಾಧಿ ಎಂದ ಮೇಲೆ ಹೊರೆ ತಮ್ಮ ತಲೆಗೆ ಬಂತೆಂದು ಬಹಳ ಮಂದಿ ಭಾವಿಸುತ್ತಾರೆ. ಆದರೆ ಮೊದಲ ಮೇಲ್ಮನವಿಯಲ್ಲಿ ಹೈಕೋರ್ಟು ಇಡೀ ಸಾಕ್ಷ್ಯವನ್ನು ತಾನೇ ಹೊಸದಾಗಿ ತೂಗಿ ನೋಡಬೇಕು, ಮತ್ತು ಆಗಲೂ ಕೇಳುವುದು ಅದೇ ಪ್ರಶ್ನೆ: ಪ್ರಾಸಿಕ್ಯೂಷನ್ ಆರೋಪವನ್ನು ಸಂಶಯಾತೀತವಾಗಿ ರುಜುವಾತುಪಡಿಸಿದೆಯೇ? ಸಾಕ್ಷ್ಯದಿಂದ ಎರಡು ಸಮಂಜಸ ಅರ್ಥಗಳು ಹೊರಡುವುದಾದರೆ ಆರೋಪಿಗೆ ಅನುಕೂಲವಾದುದನ್ನೇ ಒಪ್ಪಬೇಕೆಂದು ಸುಪ್ರೀಂ ಕೋರ್ಟು 1973ರ ಕಾಳಿ ರಾಮ್ ಪ್ರಕರಣದಲ್ಲಿ ಹೇಳಿದೆ.

ಪ್ರತ್ಯಕ್ಷ ಸಾಕ್ಷಿಯಿಲ್ಲದ ಪ್ರಕರಣಗಳಲ್ಲಿ ಅಳತೆಗೋಲು ಇನ್ನೂ ಬಿಗಿ. ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಸೆಷನ್ಸ್ ನ್ಯಾಯಾಲಯ ವಿಧಿಸಿದ ಮರಣದಂಡನೆಯನ್ನು ಹೈಕೋರ್ಟು ಎತ್ತಿಹಿಡಿದಿತ್ತು; 1984ರಲ್ಲಿ ಸುಪ್ರೀಂ ಕೋರ್ಟು ಆರೋಪಿಯನ್ನು ಖುಲಾಸೆ ಮಾಡಿತು. ಪ್ರತಿಯೊಂದು ಸಂದರ್ಭವೂ ಪೂರ್ಣವಾಗಿ ಸಾಬೀತಾಗಬೇಕು, ಅವೆಲ್ಲ ಕೊಂಡಿ ತಪ್ಪದ ಸರಪಳಿಯಾಗಿ ಕೂಡಿಕೊಂಡು ಆರೋಪಿಯ ತಪ್ಪಿನ ಹೊರತು ಬೇರೆ ಯಾವ ವಿವರಣೆಗೂ ಎಡೆಯಿಲ್ಲದಂತಿರಬೇಕು ಎಂಬುದು ಆ ತೀರ್ಪಿನ ತಿರುಳು. ‘ಮಾಡಿರಬಹುದು’ ಎಂಬುದು ಸಾಲದು, ‘ಮಾಡಿರಲೇಬೇಕು’ ಎನ್ನುವಂತಾಗಬೇಕು.

ಈಗ ನಿಮ್ಮ ಕೊಂಡಿಗಳನ್ನು ನೋಡೋಣ. ರಾತ್ರಿ ಎಂಟರಿಂದ ಮರುದಿನ ಮಧ್ಯಾಹ್ನದವರೆಗಿನ ಅಂತರ ಸಣ್ಣದಲ್ಲ. ಆ ನಡುವೆ ಬೇರೊಬ್ಬರು ಬಂದಿರಲು ಸಾಧ್ಯವಿತ್ತಾದರೆ ‘ಕೊನೆಯದಾಗಿ ಜೊತೆಯಲ್ಲಿ ಕಂಡರು’ ಎಂಬ ಸಾಕ್ಷ್ಯ ಸೊರಗುತ್ತದೆ. ಆದರೆ ಮರಣೋತ್ತರ ಪರೀಕ್ಷೆಯಲ್ಲಿ ವೈದ್ಯರು ಸಾವಿನ ವೇಳೆಯನ್ನು ಒಂಬತ್ತರ ಆಸುಪಾಸೆಂದು ಅಂದಾಜಿಸಿದ್ದರೆ ಅದೇ ಸಾಕ್ಷ್ಯಕ್ಕೆ ಬಲ ಬರುತ್ತದೆ. ಆ ಸಾಕ್ಷಿ ಪೊಲೀಸರ ಮುಂದೆ ಹೇಳಿಕೆ ಕೊಟ್ಟದ್ದು ಯಾವ ದಿನ, ಪಾಟೀ ಸವಾಲಿನಲ್ಲಿ ಆ ಜಾಗದ ಬೆಳಕಿನ ಬಗ್ಗೆ ಏನೆಂದರು ಎಂಬುದನ್ನು ಸಾಲು ಸಾಲಾಗಿ ಓದಬೇಕು.

ಮಚ್ಚಿನ ವಿಷಯದಲ್ಲಿ ನಿಮಗೆ ಹಿಡಿಸದ ಮಾತೊಂದನ್ನು ಹೇಳಬೇಕಾಗಿದೆ. ಪಂಚರು ತಿರುಗಿಬಿದ್ದ ಮಾತ್ರಕ್ಕೆ ಮಹಜರು, ಅಂದರೆ ವಸ್ತು ವಶಪಡಿಸಿಕೊಂಡದ್ದರ ದಾಖಲೆ, ಬಿದ್ದುಹೋಗುವುದಿಲ್ಲ. ತನಿಖಾಧಿಕಾರಿಯ ಸಾಕ್ಷ್ಯ ನಂಬಲರ್ಹವೆನಿಸಿದರೆ ನ್ಯಾಯಾಲಯ ಅದನ್ನು ಒಪ್ಪಬಹುದು. ಹಾಗಾಗಿ ಪಂಚರಿಗಿಂತ ಬೇರೆ ಪ್ರಶ್ನೆಗಳೇ ಮುಖ್ಯ. ಅದು ಯಾರು ಬೇಕಾದರೂ ಓಡಾಡುವ ಬಯಲೇ? ಮಚ್ಚಿನ ಮೇಲಿನ ರಕ್ತ ಮನುಷ್ಯನದೆಂದೂ ಮೃತರ ರಕ್ತದ ಗುಂಪಿನದೆಂದೂ ಪ್ರಯೋಗಾಲಯದ ವರದಿ ಹೇಳಿದೆಯೇ? ‘ಇದರಿಂದಲೇ ಕಡಿದೆ’ ಎಂದು ಅಣ್ಣ ಪೊಲೀಸರಿಗೆ ಹೇಳಿದನೆಂದು ಬರೆದಿದ್ದರೂ ಅದು ಸಾಕ್ಷ್ಯವಾಗದು. ವಸ್ತು ಪತ್ತೆಗೆ ನೇರ ಕಾರಣವಾದಷ್ಟು ಮಾತಿಗಷ್ಟೇ ಬೆಲೆ.

ಅಣ್ಣ ಸರಿಯಾದ ವಿವರಣೆ ಕೊಡಲಿಲ್ಲವೆಂದು ತೀರ್ಪಿನಲ್ಲಿದ್ದರೆ ಅದಕ್ಕೂ ಉತ್ತರವಿದೆ: ಪ್ರಾಸಿಕ್ಯೂಷನ್ ಮೊದಲು ತನ್ನ ಸರಪಳಿಯನ್ನು ಪೂರೈಸಬೇಕು, ಆರೋಪಿಯ ಮೌನ ಅಲ್ಲಿನ ಬಿರುಕಿಗೆ ತೇಪೆಯಾಗಲಾರದು. ಹಾಗೆಂದು ಎಲ್ಲ ಅನುಮಾನವೂ ‘ಸಮಂಜಸ ಸಂಶಯ’ವಲ್ಲ. ಹೇಳಿಕೆಗಳಲ್ಲಿನ ಹತ್ತು ನಿಮಿಷದ ವ್ಯತ್ಯಾಸ, ಅಂಗಿಯ ಬಣ್ಣದ ಗೊಂದಲಗಳನ್ನು ರಾಶಿ ಹಾಕಿದರೆ ಗಟ್ಟಿ ವಾದವೂ ಅದರಡಿ ಹೂತುಹೋಗುತ್ತದೆ. ಅಣ್ಣ ಒಳ್ಳೆಯವನೆಂದು ಊರೆಲ್ಲ ಹೇಳುವುದೂ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು.

ಹಣದ ಚಿಂತೆ ಬಿಡಿ. ಬಂಧನದಲ್ಲಿರುವ ವ್ಯಕ್ತಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಜೈಲಿನ ಅಧಿಕಾರಿಯ ಮೂಲಕವೂ ಮೇಲ್ಮನವಿ ಸಲ್ಲಿಸಬಹುದು. ಅದರ ಜೊತೆಗೇ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡುವಂತೆ ಅರ್ಜಿ ಹಾಕಿಸಿ. ಜೀವಾವಧಿ ಶಿಕ್ಷೆಯಲ್ಲಿ ಇದು ಸುಲಭವಾಗಿ ಸಿಗುವುದಿಲ್ಲ, ಆದರೆ ತೀರ್ಪಿನಲ್ಲಿ ಮೇಲ್ನೋಟಕ್ಕೇ ದೊಡ್ಡ ದೋಷ ಕಂಡರೆ ಹೈಕೋರ್ಟು ಪರಿಗಣಿಸುವುದುಂಟು. ವಕೀಲರ ಬಳಿ ಹೋಗುವಾಗ ತೀರ್ಪಿನ ಜೊತೆಗೆ ಎಲ್ಲ ಸಾಕ್ಷಿಗಳ ಹೇಳಿಕೆ, ಮರಣೋತ್ತರ ಪರೀಕ್ಷೆ ಮತ್ತು ಪ್ರಯೋಗಾಲಯದ ವರದಿಗಳ ನಕಲನ್ನೂ ಒಯ್ಯಿರಿ.