ಗೋಲಿ ನಿಂತಿದ್ದು ಬಲ ಮುಗಿದಿದ್ದಕ್ಕಾ?

ಪ್ರಶ್ನೆ: ನಾನು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ‘ಬಲ ಎಂದರೆ ತಳ್ಳುವುದು ಅಥವಾ ಎಳೆಯುವುದು’ ಎಂದು 8ನೇ ತರಗತಿ ಮಕ್ಕಳು ಪಟಪಟ ಹೇಳುತ್ತಾರೆ. ಉರುಳುತ್ತಿದ್ದ ಚೆಂಡು ಯಾಕೆ ನಿಂತಿತು ಎಂದು ಕೇಳಿದರೆ ಮಾತ್ರ ‘ಅದರ ಬಲ ಮುಗಿದುಹೋಯ್ತು’ ಅಂತಾರೆ. ಎಷ್ಟು ತಿದ್ದಿದರೂ ಅಷ್ಟೇ. ಲ್ಯಾಬ್ ಇಲ್ಲ. ಈ ಪಾಠವನ್ನು ಎಲ್ಲಿಂದ ಶುರು ಮಾಡಲಿ?
– ಒಬ್ಬ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಆ ಮಕ್ಕಳ ಮಾತಿನಿಂದಲೇ ಶುರು ಮಾಡಿ ಮೇಡಂ. ‘ಬಲ ಮುಗಿದುಹೋಯ್ತು’ ಅನ್ನುವುದು ದಡ್ಡ ಉತ್ತರವಲ್ಲ. ತಳ್ಳುತ್ತಲೇ ಇದ್ದರೆ ಮಾತ್ರ ವಸ್ತು ಚಲಿಸುತ್ತದೆ ಎಂದು ಅರಿಸ್ಟಾಟಲ್ ಕೂಡ ನಂಬಿದ್ದ. ಸುಮಾರು 2000 ವರ್ಷ ಜನ ಅದನ್ನು ಒಪ್ಪಿಕೊಂಡೇ ಬಂದರು. ಮಕ್ಕಳು ಒಂದು ಪೀರಿಯಡ್‌ನಲ್ಲಿ ಬಿಡಲಿ ಅಂದರೆ ಆಗುತ್ತಾ?

ನಮ್ಮ ಆಡುಮಾತೂ ಅವರನ್ನು ಅತ್ತಲೇ ಎಳೆಯುತ್ತದೆ. ‘ಅವನಿಗೆ ಬಲ ಜಾಸ್ತಿ’, ‘ಜ್ವರ ಬಂದು ಕೈಕಾಲಲ್ಲಿ ಬಲವೇ ಇಲ್ಲ’ ಅಂತ ದಿನಾ ಕೇಳುತ್ತಾರೆ. ಮನೆಮಾತಿನ ಬಲ ಮೈಯೊಳಗೆ ಇರುತ್ತದೆ, ಖರ್ಚಾಗುತ್ತದೆ. ವಿಜ್ಞಾನದ ಬಲ ಎರಡು ವಸ್ತುಗಳ ನಡುವೆ ನಡೆಯುವ ಸಂಗತಿ. ಒಂದೇ ವಸ್ತುವಿನೊಳಗೆ ಅದನ್ನು ತುಂಬಿಡಲು ಬರುವುದಿಲ್ಲ. ಹಾಗಾಗಿ ಬಲ ಅಂದಾಗಲೆಲ್ಲ ಒಂದು ಪ್ರಶ್ನೆ ಕೇಳುವ ರೂಢಿ ಮಾಡಿಸಿ: ಯಾರು, ಯಾರ ಮೇಲೆ?

ಈಗ ಗೋಲಿ ತೆಗೆದುಕೊಳ್ಳಿ. ಹಳೆಯ ನೋಟ್‌ಬುಕ್ಕಿನ ರಟ್ಟನ್ನು ಉದ್ದಕ್ಕೆ ಮಡಚಿದರೆ ಒಂದು ಕಾಲುವೆ ಆಗುತ್ತದೆ. ಅದರ ಒಂದು ತುದಿಯನ್ನು ಎರಡು ಪುಸ್ತಕದ ಮೇಲಿಡಿ, ಇನ್ನೊಂದು ತುದಿ ನೆಲ ಮುಟ್ಟಲಿ. ಕೈಯಿಂದ ತಳ್ಳಿದರೆ ಒಂದೊಂದು ಸಲ ಒಂದೊಂದು ಥರ ಆಗುತ್ತದೆ. ಒಂದೇ ಎತ್ತರದಿಂದ ಸುಮ್ನೆ ಬಿಟ್ಟರೆ ಗೋಲಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಜವದಲ್ಲಿ ನೆಲಕ್ಕಿಳಿಯುತ್ತದೆ. ಮೊದಲು ಗೋಣಿಚೀಲದ ಮೇಲೆ ಬಿಡಿ. ಆಮೇಲೆ ಬೆಡ್‌ಶೀಟ್, ಕೊನೆಗೆ ಬರಿ ನೆಲ. ಬಿಡುವ ಮುಂಚೆ ಗೋಲಿ ಎಲ್ಲಿ ನಿಲ್ಲುತ್ತದೆ ಎಂದು ಒಬ್ಬೊಬ್ಬರೂ ಗುರುತು ಹಾಕಲೇಬೇಕು. ನೆಲಕ್ಕೆ ಸೀಮೆಸುಣ್ಣ, ಬಟ್ಟೆಯ ಮೇಲೆ ಬೆಂಕಿಕಡ್ಡಿ ಸಾಕು. ಈ ಹೆಜ್ಜೆ ಬಿಟ್ಟರೆ ಇಡೀ ಪ್ರಯೋಗ ಬರೀ ಆಟವಾಗುತ್ತದೆ. ತಾವೇ ಹಾಕಿದ ಗುರುತನ್ನು ಗೋಲಿ ದಾಟಿ ಹೋದಾಗಲೇ ಮಕ್ಕಳು ‘ಯಾಕೆ?’ ಅನ್ನುವುದು. ದೂರವನ್ನು ಗೇಣಿನಲ್ಲಿ ಅಳೆದರೂ ನಡೆಯುತ್ತದೆ, ಆದರೆ ಪ್ರತಿ ಸಲವೂ ಒಬ್ಬರದೇ ಗೇಣು ಇರಲಿ. ಇನ್ನೊಂದು ಮಾತು: ನೀರು ಹೊರಗೆ ಹೋಗಲಿ ಎಂದು ಎಷ್ಟೋ ಕೋಣೆಗಳ ನೆಲವನ್ನು ಬಾಗಿಲ ಕಡೆ ತುಸು ಇಳಿಜಾರು ಮಾಡಿರುತ್ತಾರೆ. ಗೋಲಿಯನ್ನು ಎರಡೂ ದಿಕ್ಕಿಗೆ ಬಿಟ್ಟು ನೋಡಿ.

ಗೋಲಿ ಇಳಿದ ಜವ ಒಂದೇ. ಗೋಣಿಯ ಮೇಲೆ ಬೇಗ ನಿಂತಿತು, ನೆಲದ ಮೇಲೆ ದೂರ ಹೋಯಿತು. ಹಾಗಾದರೆ ನಿಲ್ಲಿಸಿದ್ದು ಯಾರು? ಗೋಣಿ, ಗೋಲಿಯ ಮೇಲೆ. ಅದಕ್ಕೇ ಘರ್ಷಣೆ ಎಂದು ಹೆಸರು. ಪದವನ್ನು ಇಲ್ಲಿ ಕೊಡಿ, ಇದಕ್ಕಿಂತ ಮೊದಲು ಬೇಡ. ಆಮೇಲೆ ಕೇಳುತ್ತಾ ಹೋಗಿ: ನೆಲ ಇನ್ನೂ ನುಣುಪಾಗಿದ್ದರೆ? ಅದಕ್ಕಿಂತಲೂ ನುಣುಪಾಗಿದ್ದರೆ? ಘರ್ಷಣೆಯೇ ಇಲ್ಲದಿದ್ದರೆ? ಇದೇ ದಾರಿಯಲ್ಲಿ ಯೋಚಿಸಿದವನು ಗೆಲಿಲಿಯೊ. ಇಳಿಜಾರಿನಲ್ಲಿ ಗುಂಡು ಉರುಳಿಸಿ, ತಡೆಯುವವರಿಲ್ಲದಿದ್ದರೆ ಅದು ನಿಲ್ಲುವುದೇ ಇಲ್ಲ ಎನ್ನುವಲ್ಲಿಗೆ ಬಂದ. 1687ರಲ್ಲಿ ನ್ಯೂಟನ್ ಅದನ್ನು ನಿಯಮವಾಗಿ ಬರೆದ. ಮಕ್ಕಳಿಗೆ ವಾಯೇಜರ್ 1 ಬಾಹ್ಯಾಕಾಶ ನೌಕೆಯ ಕಥೆ ಹೇಳಿ. 1977ರಲ್ಲಿ ಹೊರಟಿದ್ದು, ಈಗಲೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್‌ನಂತೆ ಹೋಗುತ್ತಿದೆ. ಮುಂದಕ್ಕೆ ತಳ್ಳಲು ಯಾವ ಎಂಜಿನ್ನೂ ಓಡುತ್ತಿಲ್ಲ.

ಬಸ್ಸಿನ ಉದಾಹರಣೆ ಪುಸ್ತಕದಲ್ಲೇ ಇರುತ್ತದೆ. ಬ್ರೇಕ್ ಹಾಕಿದಾಗ ‘ಮುಂದಕ್ಕೆ ತಳ್ಳಿದ ಹಾಗಾಯ್ತು’ ಅಂತಾರೆ ಅಲ್ವಾ? ಯಾರು ತಳ್ಳಿದರು ಎಂದು ಕೇಳಿ. ಹಿಂದೆ ಯಾರೂ ಇರಲಿಲ್ಲ. ಬಸ್ ನಿಂತಿತು, ಮೈ ಮಾತ್ರ ಮೊದಲಿನ ಹಾಗೇ ಮುಂದೆ ಹೋಗುತ್ತಿತ್ತು. ಜಡತ್ವ ಅನ್ನುವ ಪದಕ್ಕೆ ಇದೇ ಸರಿಯಾದ ಜಾಗ.

ಲೆಕ್ಕಗಳನ್ನು ಒಂದು ವಾರ ಮುಂದಕ್ಕೆ ಹಾಕಿ. ಬಲವನ್ನು ಅಳೆಯುವ ನ್ಯೂಟನ್ ಎಂಬ ಅಳತೆಯನ್ನು ಮೊದಲು ಕೈಗೆ ಗೊತ್ತುಮಾಡಿಸಿ. 100 ಗ್ರಾಂ ಸೋಪನ್ನು ಅಂಗೈ ಮೇಲಿಟ್ಟರೆ ಅದು ಒತ್ತುವುದು ಸುಮಾರು 1 ನ್ಯೂಟನ್‌ನಷ್ಟು.

ಅರ್ಥವಾಯಿತೋ ಇಲ್ಲವೋ ನೋಡಲು ನಾನು ನಂಬುವ ಪರೀಕ್ಷೆ ಒಂದೇ. ಚೆಂಡನ್ನು ನೇರ ಮೇಲಕ್ಕೆ ಎಸೆಯಿರಿ. ಕೈಬಿಟ್ಟ ಮೇಲೆ, ಅದು ಇನ್ನೂ ಏರುತ್ತಿರುವಾಗ, ಅದರ ಮೇಲಿರುವ ಬಲಕ್ಕೆ ಬಾಣ ಬರೆಯಲು ಹೇಳಿ. ಜಾಸ್ತಿ ಮಕ್ಕಳು ಮೇಲ್ಮುಖ ಬಾಣ ಬರೆಯುತ್ತಾರೆ. ತಪ್ಪು ಅನ್ನಬೇಡಿ. ಯಾರು ತಳ್ಳುತ್ತಿದ್ದಾರೆ ಎಂದಷ್ಟೇ ಕೇಳಿ. ‘ಕೈ’ ಅಂತಾರೆ. ಕೈ ಈಗ ಚೆಂಡನ್ನು ಮುಟ್ಟಿದೆಯಾ? ಗಾಳಿಯ ಸಣ್ಣ ತಡೆ ಬಿಟ್ಟರೆ ಅಲ್ಲಿರುವುದು ಭೂಮಿಯ ಎಳೆತ ಒಂದೇ, ಅದೂ ಕೆಳಕ್ಕೆ. ಯಾರಾದರೂ ಒಬ್ಬರು ರಬ್ಬರ್ ತೆಗೆದು ಬಾಣವನ್ನು ಅಳಿಸಲು ಶುರು ಮಾಡುತ್ತಾರೆ. ಅವರಿಗೆ ಸಮಯ ಕೊಡಿ.